ವೆನಿಸ್‌ಗೆ ಹೋಗೋರು ಒಂದು ರಾತ್ರಿನಾದ್ರೂ ಊರೊಳಗೇ ಉಳ್ಕೊಳ್ಳಿ

ಟೂರ್ ಪ್ಯಾಕೇಜ್‌ನೋರು ವೆನಿಸ್‌ನ ಬೆಳಗ್ಗೆ ಹತ್ತಕ್ಕೆ ಇಳಿಸಿ ಸಂಜೆ ಐದಕ್ಕೆ ಹತ್ತಿಸ್ಕೊಂಡು ಹೋಗ್ಬಿಡ್ತಾರೆ, ನಾನೂ ಮೊದಲ್ನೇ ಸಲ ನೋಡಿದ್ದು ಹಂಗೇನೇ, ಜನ ಬಿಟ್ರೆ ಏನೂ ನೆನಪಿಲ್ಲ. ಎರಡ್ನೇ ಸಲ ಅಪ್ಪ ಅಮ್ಮನ್ನ ಕರ್ಕೊಂಡು ಹೋಗಿ ಮೂರು ರಾತ್ರಿ ಊರೊಳಗೇ ಇದ್ವಿ. ಬೆಳಗ್ಗೆ ಆರೂವರೆಗೆ ಕಿಟಕಿ ತೆಗೆದ್ರೆ ಕೆಳಗೆ ಕಾಲುವೇಲಿ ತರಕಾರಿ ಕ್ರೇಟ್ ತುಂಬ್ಕೊಂಡ ದೋಣಿ, ಅದ್ರ ಹಿಂದೆ ಕಸದ ದೋಣಿ. ಒಬ್ಬ ಮನುಷ್ಯ ಕೈಗಾಡೀಲಿ ನೀರಿನ ಬಾಟ್ಲಿ ಕೇಸುಗಳನ್ನ ಇಟ್ಕೊಂಡು ಸೇತುವೆ ಮೆಟ್ಲು ಹತ್ತಿಸ್ತಿದ್ದ, ಆ ಗಾಡಿಗೆ ಮುಂದ್ಗಡೆ ಇನ್ನೆರಡು ಪುಟ್ಟ ಚಕ್ರ ಇರುತ್ತೆ, ಅದನ್ನ ಮೇಲಿನ ಮೆಟ್ಲಿಗೆ ಊರಿ ದೊಡ್ಡ ಚಕ್ರನ ಎಳ್ಕೋತಾನೆ, ಒಂದೊಂದು ಮೆಟ್ಲಿಗೂ ಹಂಗೇ. ಊರೊಳಗೆ ಒಂದು ಸ್ಕೂಟರ್ ಕೂಡ ಇಲ್ಲ ಅಂದ್ರೆ ಜೀವನ ಹೆಂಗೆ ನಡಿಯುತ್ತೆ ಅನ್ನೋದು ಆ ಗಾಡಿ ನೋಡಿದ್ಮೇಲೆ ಅರ್ಥ ಆಯ್ತು.

ಅದಕ್ಕೇ ಮೊದಲ್ನೇ ಮಾತು ಲಗೇಜ್ ಬಗ್ಗೆ. 400ಕ್ಕಿಂತ ಜಾಸ್ತಿ ಸೇತುವೆ ಇದಾವೆ, ಹೆಚ್ಚುಕಮ್ಮಿ ಎಲ್ಲದಕ್ಕೂ ಮೆಟ್ಲು. 25 ಕೆಜಿ ಸೂಟ್‌ಕೇಸ್ ತಂದ್ರೆ ನೀವೇ ಹೊರ್ಬೇಕು. ರೂಮ್ ಬುಕ್ ಮಾಡೋವಾಗ ದೋಣಿ ಸ್ಟಾಪಿಂದ ಎಷ್ಟು ದೂರ, ಮಧ್ಯೆ ಎಷ್ಟು ಸೇತುವೆ, ಲಿಫ್ಟ್ ಇದೆಯಾ, ಈ ಮೂರನ್ನ ಮೆಸೇಜ್ ಮಾಡಿ ಕೇಳ್ಕೊಳ್ಳಿ. ಅಮ್ಮಂಗೆ ಮಂಡಿ ನೋವು, ಹಂಗಾಗಿ ಸ್ಟಾಪಿಂದ ಒಂದೂ ಸೇತುವೆ ಇಲ್ಲದ ಮನೆ ಹುಡುಕಿದ್ವಿ, ಬಾಡಿಗೆ ಸ್ವಲ್ಪ ಜಾಸ್ತಿ ಆಯ್ತು ಆದ್ರೆ ಅಮ್ಮ ಮೂರು ದಿನನೂ ಖುಷಿಯಾಗಿ ಓಡಾಡಿದ್ರು. ಊರೊಳಗೆ ತೀರಾ ದುಬಾರಿ ಅನ್ಸಿದ್ರೆ ಮೆಸ್ತ್ರೆ ಇದೆ, ಅದು ದಡದ ಮೇಲಿರೋ ಊರು, ಅಲ್ಲಿಂದ ಟ್ರೈನ್‌ನಲ್ಲಿ ಹತ್ತು ನಿಮಿಷಕ್ಕೆ ಸಾಂತಾ ಲುಚಿಯಾ ಸ್ಟೇಷನ್, ಹೊರಗೆ ಕಾಲಿಟ್ರೆ ಎದುರಿಗೇ ಗ್ರ್ಯಾಂಡ್ ಕೆನಾಲ್, ಊರಿನ ದೊಡ್ಡ ಕಾಲುವೆ. ಪೇಪರ್ ಟಿಕೆಟ್ ತಗೊಂಡ್ರೆ ಹತ್ತೋಕ್ ಮುಂಚೆ ಪ್ಲಾಟ್‌ಫಾರ್ಮ್ ಮೆಷಿನ್‌ನಲ್ಲಿ ಪಂಚ್ ಮಾಡೋದು ಮರೀಬೇಡಿ, ಟಿಕೆಟ್ ಇದ್ರೂ ಫೈನ್ ಬೀಳುತ್ತೆ.

ಊರೊಳಗೆ ಓಡಾಡೋಕೆ ವಪೊರೆತ್ತೊ, ಅಂದ್ರೆ ನೀರಿನ ಮೇಲಿನ ಬಿಎಂಟಿಸಿ. ಒಂದು ಟಿಕೆಟ್ 9.50 ಯೂರೋ, 75 ನಿಮಿಷ ನಡಿಯುತ್ತೆ. ಎರಡು ಟಿಕೆಟ್ ತಗೊಂಡ್ರೇ 19 ಆಯ್ತು, ಹಂಗಾಗಿ 25 ಯೂರೋದ ಒಂದು ದಿನದ ಪಾಸೋ 45 ಯೂರೋದ ಮೂರು ದಿನದ ಪಾಸೋ ತಗೊಳ್ಳಿ. 6ರಿಂದ 29 ವಯಸ್ಸಿನವ್ರಿಗೆ ರೋಲಿಂಗ್ ವೆನಿಸ್ ಅಂತ ಕಾರ್ಡ್ ಇದೆ, ಅದ್ರಲ್ಲಿ ಮೂರು ದಿನದ ಪಾಸ್ ಎಷ್ಟೋ ಕಮ್ಮಿಗೆ ಸಿಗುತ್ತೆ. ಪಾಸ್ ಇದ್ರೂ ಪ್ರತಿ ಸಲ ಹತ್ತೋವಾಗ ಮೆಷಿನ್‌ಗೆ ಮುಟ್ಟಿಸ್ಬೇಕು. 1ನೇ ನಂಬರ್ ದೋಣಿ ಗ್ರ್ಯಾಂಡ್ ಕೆನಾಲ್ ಉದ್ದಕ್ಕೂ ಎಲ್ಲಾ ಕಡೆ ನಿಂತು ನಿಂತು ಹೋಗುತ್ತೆ, ಅರ್ಜೆಂಟ್ ಇದ್ರೆ 2ನೇ ನಂಬರ್. ನನ್ನ ಕೇಳಿದ್ರೆ ರಾತ್ರಿ ಒಂಬತ್ತರ ಮೇಲೆ 1ನೇ ನಂಬರ್ ಹತ್ತಿ ಹೊರಗಡೆ ಸೀಟ್‌ನಲ್ಲಿ ಕೂತ್ಕೊಳ್ಳಿ, ಅರಮನೆಗಳ ಕಿಟಕೀಲಿ ದೀಪ ಹಚ್ಚಿರ್ತಾರೆ, ಒಳಗಿನ ಮರದ ಜಂತೆ ಕೂಡ ಕಾಣಿಸುತ್ತೆ.

ಗೊಂಡೋಲಾಗೆ ಹಗಲು ಅರ್ಧ ಗಂಟೆಗೆ 90 ಯೂರೋ ಅಂತ ಅಲ್ಲಿನ ಆಡಳಿತದವ್ರೇ ರೇಟ್ ಫಿಕ್ಸ್ ಮಾಡಿದಾರೆ, ಸಂಜೆ ಏಳರ ಮೇಲೆ 110. ಅದು ತಲೆಗಲ್ಲ, ಇಡೀ ದೋಣಿಗೆ, ಐದು ಜನ ಕೂರ್ಬಹುದು. ಕೂರೋಕ್ ಮುಂಚೆನೇ ರೇಟ್ ಮಾತಾಡ್ಕೊಳ್ಳಿ. ಅಷ್ಟು ಬೇಡ ಅನ್ನೋರಿಗೆ ತ್ರಗೆತ್ತೊ ಇದೆ, ಇದೂ ಗೊಂಡೋಲಾ ತರದ್ದೇ ದೋಣಿ, ರಿಯಾಲ್ತೊ ಮಾರ್ಕೆಟ್ ಹತ್ರ ಸಾಂತಾ ಸೋಫಿಯಾ ಘಾಟಿಂದ ಈ ದಡದಿಂದ ಆ ದಡಕ್ಕೆ ದಾಟಿಸ್ತಾರೆ, 2 ಯೂರೋ. ನಮ್ಮಪ್ಪ ಎರಡು ಸಲ ದಾಟಿದ್ರು.

ದಾರಿ ತಪ್ಪೇ ತಪ್ಪುತ್ತೆ, ಭಯ ಬೇಡ. ಗಲ್ಲಿಗಳು ಎಷ್ಟು ಇಕ್ಕಟ್ಟು ಅಂದ್ರೆ ಫೋನ್ ಮ್ಯಾಪ್‌ಗೆ ನೀವೆಲ್ಲಿದೀರಾ ಅಂತ ಸರಿಯಾಗಿ ಗೊತ್ತಾಗಲ್ಲ, ಗೋಡೆ ಮೇಲಿನ ಹಳದಿ ಬೋರ್ಡ್ ನೋಡಿ, ಪೆರ್ ರಿಯಾಲ್ತೊ ಅಂದ್ರೆ ರಿಯಾಲ್ತೊ ಕಡೆಗೆ, ಆಲ್ಲಾ ಫೆರ್ರೋವಿಯಾ ಅಂದ್ರೆ ಸ್ಟೇಷನ್ ಕಡೆಗೆ. ಅಡ್ರೆಸ್ ವಿಷ್ಯ ಹುಷಾರು: ಮನೆ ನಂಬರ್ ಕೊಡೋದು ಬೀದಿಗಲ್ಲ, ಇಡೀ ಬಡಾವಣೆಗೆ. ಊರಲ್ಲಿ ಆರು ಬಡಾವಣೆ, ಕಾಸ್ತೆಲ್ಲೊ ಅಂತ ಬರೆದು ನಾಲ್ಕಂಕಿ ನಂಬರ್ ಕೊಟ್ರೆ ಅದು ಎಲ್ಲಿ ಬೇಕಾದ್ರೂ ಇರ್ಬಹುದು, ಹಂಗಾಗಿ ಹತ್ರದ ದೋಣಿ ಸ್ಟಾಪ್ ಹೆಸ್ರು, ಗಲ್ಲಿ ಹೆಸ್ರು ಎರಡೂ ಬರ್ಕೊಳ್ಳಿ. ಗಲ್ಲೀಲಿ ಬಲಗಡೆ ನಡೀಬೇಕು, ನಮಗೆ ಎಡಗಡೆ ಅಭ್ಯಾಸ, ಎದುರಿಂದ ಬರೋರಿಗೆ ಅಡ್ಡ ಆಗ್ತೀವಿ. ಸೇತುವೆ ಮೆಟ್ಲ ಮೇಲೆ ಕೂತು ಬುತ್ತಿ ಬಿಚ್ಬೇಡಿ, ಫೈನ್ ಇದೆ, ಪಾರಿವಾಳಕ್ಕೆ ಕಾಳು ಹಾಕಿದ್ರೂ ಅಷ್ಟೇ.

ಬೆಳಗ್ಗೆ ಹೋಗಿ ಸಂಜೆ ಬರೋರಿಗೆ 2024ರಿಂದ ಎಂಟ್ರಿ ಫೀಸ್ ಇದೆ, ಸೀಸನ್‌ನಲ್ಲಿ ಕೆಲವು ದಿನ ಮಾತ್ರ. 2025ರಲ್ಲಿ ಮುಂಚೆನೇ ಕಟ್ಟಿದ್ರೆ 5, ಕೊನೇ ದಿನಗಳಲ್ಲಿ ಕಟ್ಟಿದ್ರೆ 10 ಯೂರೋ ಇತ್ತು. ಅಲ್ಲೇ ರಾತ್ರಿ ತಂಗೋರಿಗೆ ಫೀಸ್ ಇಲ್ಲ, ಆದ್ರೆ ವಿನಾಯಿತಿಯ ಕ್ಯೂಆರ್ ಕೋಡ್ ಆನ್‌ಲೈನ್‌ನಲ್ಲಿ ಮಾಡಿಸ್ಕೊಂಡಿರ್ಬೇಕು. ಸ್ಯಾನ್ ಮಾರ್ಕೊ ಚರ್ಚ್‌ಗೆ ಭುಜ, ಮಂಡಿ ಮುಚ್ಚಿರ್ಬೇಕು, ಬ್ಯಾಗ್‌ನಲ್ಲಿ ಒಂದು ದುಪಟ್ಟಾ ಇದ್ರೆ ಸಾಕು.

ಅಕ್ಟೋಬರಿಂದ ಜನವರಿವರೆಗೆ ಸಮುದ್ರ ಉಕ್ಕಿ ಊರೊಳಗೆ ನೀರು ಬರೋದುಂಟು, ಆಕ್ವಾ ಆಲ್ತಾ ಅಂತಾರೆ. 2019ರ ನವೆಂಬರ್ 12ರ ರಾತ್ರಿ ಸಮುದ್ರದ ಮಟ್ಟ 187 ಸೆಂಟಿಮೀಟರ್ ಏರಿತ್ತು, 1966ರಲ್ಲಿ 194. ಈಗ ಸಮುದ್ರದ ಬಾಯಿಗೆ 78 ಉಕ್ಕಿನ ಗೇಟ್ ಹಾಕಿದಾರೆ, 2020ರ ಅಕ್ಟೋಬರಿಂದ ಎತ್ತೋಕೆ ಶುರು ಮಾಡಿದ್ಮೇಲೆ ಅಷ್ಟು ತೊಂದ್ರೆ ಇಲ್ಲ. ಮಳೆಗಾಲದ ಚಪ್ಪಲಿ ಇಟ್ಕೊಂಡ್ರೆ ಒಳ್ಳೇದು.

ಊಟ. ನಮ್ಮ ಮನೇಲಿ ಪಕ್ಕಾ ವೆಜ್, ಹಂಗಾಗಿ ಇದನ್ನ ವಿವರವಾಗಿ ಹೇಳ್ತೀನಿ. ಬಿಗೋಲಿ ಇನ್ ಸಾಲ್ಸಾ ಅಂತ ಅಲ್ಲಿನ ಫೇಮಸ್ ಶಾವಿಗೆ ತರ ಪಾಸ್ತಾ ಇದೆ, ನೋಡೋಕೆ ಬರೀ ಈರುಳ್ಳಿ ಗೊಜ್ಜು, ಆದ್ರೆ ಅದ್ರಲ್ಲಿ ಮೀನು ಕರಗಿಸಿರ್ತಾರೆ. ರಿಸೊತ್ತೊ ಅನ್ನೋ ಅನ್ನದ ಅಡುಗೆಗೆ ಎಷ್ಟೋ ಕಡೆ ಮಾಂಸದ ಕಟ್ಟು ಹಾಕ್ತಾರೆ. ಪಾರ್ಮಿಜಾನೊ ಚೀಸ್‌ಗೆ ಕರುವಿನ ಹೊಟ್ಟೇಲಿ ಸಿಗೋ ಪದಾರ್ಥ ಹಾಕೇ ಹೆಪ್ಪು ಹಾಕೋದು. ನಿಶ್ಚಿಂತೆಯಿಂದ ತಿನ್ನಬಹುದಾದದ್ದು ಪಿಜ್ಜಾ ಮರಿನಾರಾ, ಹೆಸ್ರು ಕೇಳಿ ಮೀನು ಅನ್ಕೋಬೇಡಿ, ಟೊಮೇಟೊ ಬೆಳ್ಳುಳ್ಳಿ ಮಾತ್ರ, ಚೀಸ್ ಕೂಡ ಇಲ್ಲ. ಸೆನ್ಸಾ ಕಾರ್ನೆ, ಸೆನ್ಸಾ ಪೆಶೆ, ಅಂದ್ರೆ ಮಾಂಸ ಬೇಡ ಮೀನು ಬೇಡ, ಎರಡನ್ನೂ ಹೇಳಿ, ಬರೀ ಮಾಂಸ ಬೇಡ ಅಂದ್ರೆ ಮೀನು ತಂದಿಡ್ತಾರೆ. ಮನೆಯಿಂದ ಚಟ್ನಿಪುಡಿ, ಗೊಜ್ಜವಲಕ್ಕಿ ಒಯ್ಯಿ, ತುಪ್ಪ ಮಾತ್ರ ಬೇಡ, ಹಾಲಿನ ಪದಾರ್ಥನ ಯುರೋಪ್ ಒಳಗೆ ಬಿಡಲ್ಲ. ಕಾಫಿ ಕೌಂಟರ್‌ನಲ್ಲಿ ನಿಂತು ಕುಡೀರಿ, ಟೇಬಲ್‌ನಲ್ಲಿ ಕೂತ್ರೆ ರೇಟ್ ಬೇರೆ.

ಒಂದು ದಿನ ಜಾಸ್ತಿ ಇದ್ರೆ ಎಲ್ರೂ ಬುರಾನೊ ದ್ವೀಪಕ್ಕೆ ಹೋಗ್ತಾರೆ, ಬಣ್ಣದ ಮನೆಗಳು ಚೆನ್ನಾಗಿದಾವೆ, ಫೊಂದಾಮೆಂತೆ ನೋವೆ ಸ್ಟಾಪಿಂದ 12ನೇ ನಂಬರ್ ದೋಣಿ, ಮುಕ್ಕಾಲು ಗಂಟೆ. ಆದ್ರೆ ನಾವು ಕನ್ನಡದೋರು ಹೋಗ್ಬೇಕಾದ್ದು ಕ್ಯೋಜಾಗೆ ಅಂತ ನನ್ನ ಅನಿಸಿಕೆ. ಊರಂಚಿನ ಪಿಯಾತ್ಸಾಲೆ ರೋಮಾ ಬಸ್‌ಸ್ಟ್ಯಾಂಡಿಂದ ಬಸ್ ಇದೆ, ಒಂದು ಗಂಟೆ ದಾರಿ. 1420ರ ಆಸುಪಾಸಲ್ಲಿ ವಿಜಯನಗರಕ್ಕೆ ಬಂದು ಬೆಟ್ಟದವರೆಗೂ ಹಬ್ಬಿರೋ ಕೋಟೆ, ಹಬ್ಬದ ದಿನ ಹಚ್ಚೋ ಎಣ್ಣೆ ದೀಪ ಎಲ್ಲಾ ನೋಡಿ ಹೇಳಿದ ನಿಕೊಲೊ ದೆ ಕೊಂತಿ ಅನ್ನೋ ವ್ಯಾಪಾರಿ ಹುಟ್ಟಿದ್ದು ಆ ಮೀನುಗಾರರ ಊರಲ್ಲಿ. ಹಂಪಿ ನೋಡಿರೋ ಅಪ್ಪ ಅಲ್ಲಿ ಕಾಲುವೆ ಪಕ್ಕ ನಿಂತು, ಇಲ್ಲಿಂದ ಅಲ್ಲಿಗೆ ಹೆಂಗಪ್ಪಾ ಹೋದ ಅಂತ ತುಂಬಾ ಹೊತ್ತು ನೀರನ್ನೇ ನೋಡ್ತಿದ್ರು. ವಾಪಸ್ ಬಸ್ ಟೈಮ್ ಇಳಿದ ತಕ್ಷಣ ಫೋಟೋ ಹೊಡ್ಕೊಳ್ಳಿ.