ಸ್ವರಲಿಪಿ ಗ್ರಂಥದ ಪುಟ ಕಟ್ಟುವ ಕೆಲಸ: ನನ್ನ ಅನುಭವ

ಕರ್ನಾಟಕ ಸಂಗೀತದ ಕೃತಿಗಳನ್ನು ಪಾಠಾಂತರ ಸಹಿತ ಕನ್ನಡ ಲಿಪಿಯಲ್ಲಿ ಸಂಪಾದಿಸುವಾಗ ಪುಟದ ಅಳತೆಯನ್ನು ನಿರ್ಧರಿಸುವುದು ತಾಳ. ಆದಿತಾಳದ 8 ಅಕ್ಷರಕ್ಕೆ, ಅಂದರೆ ತಾಳದ ಎಣಿಕೆಗೆ, ತಲಾ 4 ಸ್ವರದಂತೆ ಒಂದು ಆವರ್ತಕ್ಕೆ, ಅಂದರೆ ತಾಳದ ಒಂದು ಸುತ್ತಿಗೆ, 32 ಮನೆ ಬೇಕು. ಡೆಮಿ 1/8 ಪುಸ್ತಕದಲ್ಲಿ ಅಂಚು ಬಿಟ್ಟು ಉಳಿಯುವ ಅಗಲ ಸುಮಾರು 105 ಮಿ.ಮೀ. ಮನೆಯೊಂದಕ್ಕೆ 3.3 ಮಿ.ಮೀ. ಸಿಗುತ್ತದೆ, 11 ಪಾಯಿಂಟಿನ ‘ರಿ’ ಅದರಲ್ಲಿ ಉಸಿರಾಡಲಾರದು. ಹಾಗಾಗಿ ಡೆಮಿಯಲ್ಲಿ ತಾಳದ ಅಂಗಗಳ ಪ್ರಕಾರ, 4 ಅಕ್ಷರದ ಲಘು ಒಂದು ಸಾಲು, 2 ಅಕ್ಷರದ ಎರಡು ದ್ರುತಗಳು ಇನ್ನೊಂದು ಸಾಲು ಎಂದು ಒಡೆಯುತ್ತೇನೆ. ಕ್ರೌನ್ 1/4ರಲ್ಲಿ, ಅಂದರೆ 184 × 241 ಮಿ.ಮೀ. ಪುಟದಲ್ಲಿ, ಒಳ ಅಂಚು 22, ಹೊರ ಅಂಚು 16, ಎಡಗಡೆ ಆವರ್ತ ಸಂಖ್ಯೆಗೆ 10 ಮಿ.ಮೀ. ಬಿಟ್ಟರೂ ಮನೆಗೆ 4.25 ಮಿ.ಮೀ. ಉಳಿಯುತ್ತದೆ, ಇಡೀ ಆವರ್ತ ಒಂದೇ ಸಾಲಿನಲ್ಲಿ ಬರುತ್ತದೆ. ಶಾಸ್ತ್ರೀಯ ಆವೃತ್ತಿಗೆ ನನ್ನ ಆಯ್ಕೆ ಕ್ರೌನ್. ಖಂಡಜಾತಿ ಅಟತಾಳದ ವರ್ಣ ಬಂದರೆ ಅಲ್ಲೂ ಒಡೆಯಲೇಬೇಕು: 5, 5, 2, 2 ಅಕ್ಷರಗಳ ಆವರ್ತವನ್ನು 20, 20, 16 ಮನೆಗಳ ಮೂರು ಸಾಲು ಮಾಡುತ್ತೇನೆ. ಅಂಗದ ನಡುವೆ ಸಾಲು ಮುರಿಯಬಾರದು. ಮುರಿದರೆ ಓದುವವರ ಕೈಯಲ್ಲಿ ತಾಳ ತಪ್ಪುತ್ತದೆ.

ಮನೆಗಳನ್ನು ಸ್ಪೇಸ್ ಒತ್ತಿ ಹೊಂದಿಸಬೇಡಿ. ಫಾಂಟ್ ಬದಲಾದ ದಿನವೇ ಎಲ್ಲ ಸಾಲೂ ಜಾರುತ್ತದೆ. ನಿಗದಿತ ಅಗಲದ ಟೇಬಲ್ ಅಥವಾ ಟ್ಯಾಬ್ ಸ್ಟಾಪ್ ಬಳಸಿ, ಜಸ್ಟಿಫೈ ಆಫ್ ಇಡಿ. ಸ್ವರಕ್ಕೂ ಅದರ ಕೆಳಗಿನ ಸಾಹಿತ್ಯಕ್ಕೂ ಒಂದೇ ಮನೆ.

ಅತಿ ಹೆಚ್ಚು ಹೊತ್ತು ಹಿಡಿಯುವುದು ಚುಕ್ಕೆಗಳ ಕೆಲಸ. ತಾರಸ್ಥಾಯಿಯ (ಎತ್ತರದ ಸ್ವರಗಳ) ಚುಕ್ಕೆ ಮೇಲೆ, ಮಂದ್ರದ್ದು (ತಗ್ಗಿನ ಸ್ವರಗಳದ್ದು) ಕೆಳಗೆ. ಆದರೆ ‘ರಿ’, ‘ನಿ’ಗಳ ನೆತ್ತಿಯಲ್ಲಿ ಗುಡಿಸು ಇರುವುದರಿಂದ ಚುಕ್ಕೆ ಅದಕ್ಕೆ ಅಂಟಿಕೊಳ್ಳುತ್ತದೆ. ‘ರೀ’, ‘ನೀ’ ಆದರೆ ಹಲವು ಫಾಂಟ್‌ಗಳಲ್ಲಿ ಚುಕ್ಕೆ ಅಕ್ಷರವನ್ನು ಬಿಟ್ಟು ದೀರ್ಘದ ಗುರುತಿನ ಮೇಲೆ ಹೋಗಿ ಕೂರುತ್ತದೆ. ‘ರಿ’ಗೆ ಬೇಕಾದ ಎತ್ತರವನ್ನೇ ಏಳೂ ಸ್ವರಕ್ಕೆ ಕೊಟ್ಟು, ಚುಕ್ಕೆಗಳೆಲ್ಲ ಒಂದೇ ಗೆರೆಯಲ್ಲಿ ನಿಲ್ಲುವಂತೆ ಮಾಡಿದಾಗ ಕಣ್ಣು ಸಲೀಸಾಗಿ ಓಡುತ್ತದೆ. ಎರಡನೇ ಕಾಲದ, ಅಂದರೆ ದುಪ್ಪಟ್ಟು ವೇಗದ ಸ್ವರಗಳ ಮೇಲ್ಗೆರೆ ಆ ಚುಕ್ಕೆಗಳಿಗಿಂತ ಮೇಲಿರಬೇಕು. ಸಾಹಿತ್ಯದ ಎಳೆತಕ್ಕೆ ಅನೇಕ ಪುಸ್ತಕಗಳಲ್ಲಿ ಚುಕ್ಕೆ ಹಾಕುತ್ತಾರೆ. ನಾನು ಸಣ್ಣ ಅಡ್ಡಗೆರೆ ಹಾಕುತ್ತೇನೆ, ಏಕೆಂದರೆ ಸ್ವರದ ನೇರ ಕೆಳಗೆ ಬಿದ್ದ ಎಳೆತದ ಚುಕ್ಕೆ ಮಂದ್ರದ ಚುಕ್ಕೆಯಂತೆಯೇ ಕಾಣುತ್ತದೆ. ಇದರಿಂದ ಸ್ಥಾಯಿಯೇ ತಪ್ಪಿಹೋಗುತ್ತದೆ.

ಸಾಲುಗಳ ಅಂತರವನ್ನು ಲೆಕ್ಕಹಾಕಬೇಕಾದದ್ದು ಸಾಹಿತ್ಯದಿಂದ. ಸ್ವರಗಳಿಗೆ ಒತ್ತಕ್ಷರವಿಲ್ಲ, ಸಾಹಿತ್ಯಕ್ಕೆ ಇದೆ. ‘ಸ್ತ್ರ’, ‘ಕ್ಷ್ಮಿ’ ಬಂದಲ್ಲಿ ಒತ್ತು ಕೆಳಗಿಳಿದು ಮುಂದಿನ ಸಾಲಿನ ಮೇಲ್ಗೆರೆಗೆ ತಾಗುತ್ತದೆ. ಸ್ವರದಿಂದ ಅದರ ಸಾಹಿತ್ಯಕ್ಕೆ 16 ಪಾಯಿಂಟ್, ಸಾಹಿತ್ಯದಿಂದ ಮುಂದಿನ ಸ್ವರಕ್ಕೆ 22 ಪಾಯಿಂಟ್ ಇಟ್ಟರೆ ಜೋಡಿ ಸಾಲಿಗೆ 38 ಪಾಯಿಂಟ್, ಸುಮಾರು 13.4 ಮಿ.ಮೀ. ಆಗುತ್ತದೆ. ಕ್ರೌನ್ ಪುಟಕ್ಕೆ 14 ಜೋಡಿ. ಹದಿನೈದನೆಯದನ್ನು ತುರುಕಲು ಅಂತರ ಕಡಿಮೆ ಮಾಡಿದ ಪುಟ ಪ್ರೂಫಿನಲ್ಲಿ ಚೆನ್ನಾಗಿಯೇ ಕಾಣುತ್ತದೆ, ಹಾಡುವವರು ಪುಸ್ತಕವನ್ನು ನೆಲದ ಮೇಲಿಟ್ಟು ಕೂತಾಗ ಓದಲು ಬರುವುದಿಲ್ಲ.

ಇನ್ನು ಪುಟ ತಿರುವು. ಅನುಪಲ್ಲವಿಯ ಕೊನೆಗೆ, ಚರಣದ ಕೊನೆಗೆ ಪಲ್ಲವಿಗೆ ಮರಳಬೇಕು, ಆದ್ದರಿಂದ ಎರಡು ಪುಟದ ಕೃತಿ ಎಡಪುಟದಲ್ಲೇ, ಅಂದರೆ ಸಮಸಂಖ್ಯೆಯಲ್ಲೇ ಶುರುವಾಗಲಿ. ಇಡೀ ಕೃತಿ ಒಂದೇ ನೋಟಕ್ಕೆ ಸಿಗುತ್ತದೆ. ಮೂರು ಪುಟದ್ದಾದರೆ ಬಲಪುಟದಲ್ಲಿ ಶುರುಮಾಡಿ ಪಲ್ಲವಿಯ ಸಂಗತಿಗಳನ್ನೆಲ್ಲ (ಒಂದೇ ಸಾಲನ್ನು ಬದಲಿಸಿ ಬದಲಿಸಿ ಹಾಡುವ ರೂಪಗಳನ್ನು) ಅಲ್ಲೇ ಮುಗಿಸಿ. ತಿರುವು ಪಲ್ಲವಿಯ ಕೊನೆಗೆ ಬೀಳುತ್ತದೆ. ಅನುಪಲ್ಲವಿ, ಚಿಟ್ಟೆಸ್ವರ, ಚರಣ ಎದುರುಬದುರು ಪುಟಗಳಲ್ಲಿ ನಿಲ್ಲುತ್ತವೆ. ಆಗ ಪಲ್ಲವಿಯ ಮೊದಲ ಸಾಲನ್ನಷ್ಟೇ ಚರಣದ ಕೊನೆಗೆ ಮತ್ತೊಮ್ಮೆ ಅಚ್ಚುಮಾಡಿ. ಹೀಗೆ ಮಾಡುವಾಗ ಕೆಲವು ಪುಟ ಖಾಲಿ ಉಳಿಯುತ್ತವೆ. ಅಲ್ಲಿ ಆ ಕೃತಿಯ ಸಾಹಿತ್ಯ ಮತ್ತು ಅರ್ಥ ಬರಬಹುದು. ಖಾಲಿಯೇ ಬಿಟ್ಟರೆ ಸಂಖ್ಯೆ ಎಣಿಕೆಗಿರಲಿ, ಅಚ್ಚಿಗೆ ಬೇಡ.

ಪಾಠಾಂತರದ ಟಿಪ್ಪಣಿಗೆ ಪುಟಸಂಖ್ಯೆಯನ್ನು ಎಂದೂ ಆಧಾರ ಮಾಡಬೇಡಿ. ಕೊನೆಯ ವಾರದಲ್ಲಿ ಒಂದು ಕೃತಿ ಸೇರಿದರೆ ಎಲ್ಲ ಉಲ್ಲೇಖವೂ ಸುಳ್ಳಾಗುತ್ತದೆ. ನಾನು ಬಳಸುವ ಕ್ರಮ ‘14 ಚ 3:6’, ಅಂದರೆ 14ನೆಯ ಕೃತಿ, ಚರಣ, ಮೂರನೇ ಆವರ್ತ, ಆರನೇ ಅಕ್ಷರ. ಸಂಗತಿಗಳನ್ನು ಆವರ್ತಗಳ ಜೊತೆ ಸೇರಿಸಿ ಎಣಿಸಿದರೆ ಒಂದು ಮೂಲದಲ್ಲಿ ಐದು, ಇನ್ನೊಂದರಲ್ಲಿ ಮೂರು ಸಂಗತಿ ಇದ್ದಾಗ ಮುಂದಿನ ಸಂಖ್ಯೆಗಳು ಹೊಂದುವುದಿಲ್ಲ. ಅದಕ್ಕೇ ‘ಪ 1 ಸಂ3’ ಎಂದು ಬೇರೆ ಎಣಿಸಬೇಕು. ಸಂಗತಿಗಳನ್ನು ಕ, ಖ, ಗ ಎಂದು ಗುರುತಿಸಲು ಹೋಗಬೇಡಿ, ‘ಗ’ ಗಾಂಧಾರವಾಗಿಬಿಡುತ್ತದೆ. ಎಡುಪು (ಹಾಡು ಎತ್ತಿಕೊಳ್ಳುವ ಜಾಗ) ಸಮದ (ತಾಳದ ಮೊದಲ ಪೆಟ್ಟಿನ) ನಂತರ ಇದ್ದರೆ ಆವರ್ತದ ಖಾಲಿ ಮನೆಗಳನ್ನೂ ತೋರಿಸಿ, ಎಣಿಕೆಯನ್ನು ಸಮದಿಂದಲೇ ಶುರುಮಾಡಿ.

ಸ್ವರದ ಹೆಗಲ ಮೇಲೆ ಅಡಿಟಿಪ್ಪಣಿಯ ಅಂಕಿ ಬೇಡ. ‘ರಿ’ಯ ಪಕ್ಕದ 2 ಚತುಶ್ರುತಿ ರಿಷಭವೆಂದೇ ಓದಿಸಿಕೊಳ್ಳುತ್ತದೆ. ಕನ್ನಡ ಅಂಕಿ ಹಾಕಿದರೆ ಸೊನ್ನೆಯೂ ಅನುಸ್ವಾರವೂ ಒಂದೇ ರೂಪ, ಸಾಹಿತ್ಯದ ಪದವೇ ಬದಲಾಗುತ್ತದೆ.

ಮೂಲ ಹಳೆಯ ಮುದ್ರಿತ ಗ್ರಂಥವಾದರೆ ಅದರ ಪುಟಸಂಖ್ಯೆಯನ್ನೂ ಉಳಿಸಬೇಕು. ಸುಬ್ಬರಾಮ ದೀಕ್ಷಿತರ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ 1904ರಲ್ಲಿ ಎಟ್ಟಯಪುರದಲ್ಲಿ ತೆಲುಗು ಲಿಪಿಯಲ್ಲಿ ಅಚ್ಚಾದದ್ದು. ಅಲ್ಲಿ ಪುಟ ಮುರಿಯುವ ಜಾಗದಲ್ಲಿ ನಮ್ಮ ಹೊರ ಅಂಚಿಗೆ ಆ ಸಂಖ್ಯೆಯನ್ನು ಚೌಕ ಆವರಣದಲ್ಲಿ ಕೊಡುತ್ತೇನೆ. ಎರಡು ಲಿಪಿಗಳೂ ಅಕ್ಕತಂಗಿಯರು, ಅಕ್ಷರಕ್ಕೆ ಅಕ್ಷರ ಹೊಂದುತ್ತವೆ, ಹಾಗಾಗಿ ಮೂಲದ ಸಾಲಿನ ಎದುರು ನಮ್ಮ ಸಾಲನ್ನಿಟ್ಟು ತಿದ್ದುವುದು ಸುಲಭ. ಅದರ ಗಮಕ (ಸ್ವರದ ಬಳುಕು) ಚಿಹ್ನೆಗಳಿಗೆ ಮಾತ್ರ ಸ್ವರದ ಮೇಲೆ ಇನ್ನೂ 4 ಪಾಯಿಂಟ್ ಜಾಗ ಬೇಕು. ಜೋಡಿ 42 ಪಾಯಿಂಟಿಗೆ ಏರುತ್ತದೆ, ಪುಟಕ್ಕೆ 13 ಜೋಡಿಯೇ ಹಿಡಿಯುತ್ತದೆ.

ನಮ್ಮ ಪುಟಸಂಖ್ಯೆ ಇರಬೇಕಾದದ್ದು ಮೇಲಿನ ಹೊರ ಮೂಲೆಯಲ್ಲಿ, ಕೃತಿಸಂಖ್ಯೆ ಮತ್ತು ರಾಗದ ಹೆಸರಿನ ಸಾಲಿನಲ್ಲಿ. ಕೆಳಗೆ ನಡುವೆ ಇಟ್ಟರೆ ಕೊನೆಯ ಸಾಹಿತ್ಯದ ಅಡಿ ಅಕ್ಷರಕಾಲದ ಲೆಕ್ಕದಂತೆ ಕಾಣುತ್ತದೆ. ಮುನ್ನುಡಿ, ಸಂಪಾದಕೀಯ, ಸಂಕೇತ ವಿವರಣೆಗಳಿಗೆ ರೋಮನ್ ಅಂಕಿಯ ಪ್ರತ್ಯೇಕ ಸರಣಿ, ಸಂಗೀತ ಬಲಪುಟದ 1ರಿಂದ. ಎರಡೂ ಸೇರಿ ಫಾರಂ (ಒಟ್ಟಿಗೆ ಅಚ್ಚಾಗಿ ಮಡಚುವ ಪುಟಗಳ ಕಟ್ಟು) ಲೆಕ್ಕಕ್ಕೆ ಕೂಡಬೇಕು: 16 ಪುಟದ ಫಾರಂ ಆದರೆ 12 + 164 = 176, ಸರಿಯಾಗಿ 11 ಫಾರಂ. ಹೊಲಿಗೆ ಬೈಂಡಿಂಗೇ ಆಗಲಿ. ಬರೀ ಅಂಟು ಹಾಕಿದ ಪುಸ್ತಕ ಬಿಚ್ಚಿಟ್ಟಲ್ಲಿ ನಿಲ್ಲದೆ ಮುಚ್ಚಿಕೊಳ್ಳುತ್ತದೆ. ಪುಟ ಕಟ್ಟಿದ ಮೇಲೆ ಕೃತಿ ಸೇರಿಸಲೇಬೇಕಾದರೆ ಎರಡೆರಡು ಪುಟವಾಗಿ ಸೇರಿಸಿ. ಒಂದೇ ಪುಟ ಸೇರಿಸಿದರೆ ಅಲ್ಲಿಂದ ಮುಂದಿನ ಎಡ-ಬಲವೆಲ್ಲ ಅದಲುಬದಲು.

ರಾಗ, ತಾಳ, ಮೊದಲ ಸಾಲುಗಳ ಅಕಾರಾದಿ ತಯಾರಿಸುವುದು ಇಷ್ಟೆಲ್ಲ ಆದ ಮೇಲೆ. ಅದರಲ್ಲಿ ಕೃತಿಸಂಖ್ಯೆ ಮೊದಲು, ಪುಟಸಂಖ್ಯೆ ಆಮೇಲೆ. ಪಿಡಿಎಫ್ ಕೊಡುವಾಗ ಪುಟದ ಲೇಬಲ್‌ಗಳನ್ನು ಅಚ್ಚಿನ ಸಂಖ್ಯೆಗೆ ಹೊಂದಿಸಿ. ಇಲ್ಲದಿದ್ದರೆ 40 ಎಂದು ಒತ್ತಿದವರಿಗೆ ಅಚ್ಚಿನ 28ನೇ ಪುಟ ತೆರೆದುಕೊಳ್ಳುತ್ತದೆ.