ಬ್ರೌಸರ್ ದಿಢೀರ್ ಮುಚ್ಚಿಹೋಗುತ್ತಿದ್ದರೆ ಮೊದಲು ಅನ್‌ಇನ್‌ಸ್ಟಾಲ್ ಮಾಡಬೇಡಿ

ಪಹಣಿ ಇಳಿಸಿಕೊಳ್ಳುವಾಗ, ಜಿಎಸ್‌ಟಿ ರಿಟರ್ನ್ ತುಂಬುವಾಗ, ಯೂಟ್ಯೂಬಿನಲ್ಲಿ ಯಕ್ಷಗಾನ ನೋಡುವಾಗ ಬ್ರೌಸರ್ ಚಕ್ಕನೆ ಮಾಯವಾಗುತ್ತದೆ. ಮಂಗಳೂರು, ಉಡುಪಿಯ ಮನೆಗಳಲ್ಲೂ ಸೈಬರ್ ಸೆಂಟರ್‌ಗಳಲ್ಲೂ ಇದಕ್ಕೆ ಮಾಡುವ ಮದ್ದು ಒಂದೇ: ಕ್ರೋಮ್ ತೆಗೆಯುವುದು, ಮತ್ತೆ ಹಾಕುವುದು. ಹೆಚ್ಚಿನ ಸಲ ಇದರಿಂದ ಏನೂ ಆಗುವುದಿಲ್ಲ. ತೆಗೆದದ್ದು ಪ್ರೋಗ್ರಾಮ್ ಮಾತ್ರ. ನಿಮ್ಮ ಬುಕ್‌ಮಾರ್ಕ್, ಪಾಸ್‌ವರ್ಡ್, ಸೆಟ್ಟಿಂಗ್ ಎಲ್ಲ ಇರುವ ಪ್ರೊಫೈಲ್ ಫೋಲ್ಡರ್ ಇದ್ದಲ್ಲೇ ಉಂಟು. ಹೊಸ ಕ್ರೋಮ್ ಬಂದು ಅದೇ ಹಾಳಾದ ಫೋಲ್ಡರನ್ನು ತೆರೆದು ಮತ್ತೆ ಬೀಳುತ್ತದೆ. ತೆಗೆಯುವಾಗ ‘ಬ್ರೌಸಿಂಗ್ ಡೇಟಾವನ್ನೂ ಅಳಿಸು’ ಎಂಬ ಚೌಕಕ್ಕೆ ಟಿಕ್ ಹಾಕಿದರೆ ಕ್ರ್ಯಾಶ್ ನಿಲ್ಲಬಹುದು, ಆದರೆ ಸಿಂಕ್ ಆಗದ (ಗೂಗಲ್ ಖಾತೆಯಲ್ಲಿ ಪ್ರತಿ ಇಲ್ಲದ) ಪಾಸ್‌ವರ್ಡ್, ಬುಕ್‌ಮಾರ್ಕ್ ಎಲ್ಲ ಅದರೊಟ್ಟಿಗೇ ಹೋಗುತ್ತವೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ.

1. ಬಿದ್ದದ್ದು ಯಾವುದು?

ಒಂದು ಟ್ಯಾಬ್ ಮಾತ್ರ ಸತ್ತು ‘ಆ, ಸ್ನ್ಯಾಪ್!’ ಎಂಬ ಪುಟ ಬಂದರೆ ತೊಂದರೆ ಆ ಜಾಲತಾಣದ್ದು ಅಥವಾ ಮೆಮೊರಿಯದ್ದು. 4 ಜಿಬಿ ರ‍್ಯಾಮ್ ಇರುವ ಕಂಪ್ಯೂಟರಿನಲ್ಲಿ 20 ಟ್ಯಾಬ್ ತೆರೆದಿಟ್ಟರೆ ಇದು ಆಗುವುದೇ. ಶಿಫ್ಟ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿ. ಯಾವ ಟ್ಯಾಬ್ ಎಷ್ಟು ಮೆಮೊರಿ ತಿನ್ನುತ್ತಿದೆ ಎಂಬ ಪಟ್ಟಿ ಕ್ರೋಮ್‌ನಲ್ಲೇ ಸಿಗುತ್ತದೆ. ಇಡೀ ಬ್ರೌಸರ್ ಮುಚ್ಚಿದರೆ ಮುಂದೆ ಓದಿ. ಇಡೀ ಕಂಪ್ಯೂಟರ್ ಸ್ತಬ್ಧವಾದರೆ ಅಥವಾ ರೀಸ್ಟಾರ್ಟ್ ಆದರೆ ನೇರ ಕೊನೆಯ ಹಂತಕ್ಕೆ ಹೋಗಿ. ಅದು ಬ್ರೌಸರಿನ ತಪ್ಪಲ್ಲ.

2. ಬೇರೆ ಬ್ರೌಸರಿನಲ್ಲಿ ನೋಡಿ

ಬೇರೆ ಎಂದರೆ ಫೈರ್‌ಫಾಕ್ಸ್. ಎಡ್ಜ್, ಬ್ರೇವ್, ಒಪೆರಾ ಎಲ್ಲವೂ ಕ್ರೋಮ್‌ನ ಎಂಜಿನ್ ಮೇಲೆಯೇ ಓಡುವವು. ಅವುಗಳಲ್ಲಿ ಪರೀಕ್ಷೆ ಮಾಡಿದರೆ ಅರ್ಧ ಉತ್ತರ ಮಾತ್ರ. ಫೈರ್‌ಫಾಕ್ಸ್ ಕೂಡ ಬೀಳುತ್ತಿದ್ದರೆ ಡ್ರೈವರ್ (ಕಂಪ್ಯೂಟರಿನ ಭಾಗಗಳನ್ನು ನಡೆಸುವ ತಂತ್ರಾಂಶ), ಆ್ಯಂಟಿವೈರಸ್ ಅಥವಾ ರ‍್ಯಾಮ್ ಮೇಲೆ ಸಂಶಯ ಪಡಿ.

ವಿಂಡೋಸ್ 7 ಅಥವಾ 8.1 ಬಳಸುತ್ತಿದ್ದೀರಾ? ಅವಕ್ಕೆ ಬಂದ ಕೊನೆಯ ಕ್ರೋಮ್ 109. 2023ರ ಫೆಬ್ರುವರಿಯ 110ರಿಂದ ಮುಂದೆ ವಿಂಡೋಸ್ 10 ಬೇಕೇ ಬೇಕು. ಹಳೆಯ ಕ್ರೋಮ್ ಹೊಸ ಜಾಲತಾಣಗಳಲ್ಲಿ ತಡವರಿಸುತ್ತದೆ. ಅದನ್ನು ರಿಪೇರಿ ಮಾಡುತ್ತಾ ಕೂರುವುದು ದಂಡ.

3. ಕಂಪ್ಯೂಟರ್ ಬರೆದಿಟ್ಟದ್ದನ್ನು ಓದಿ

ಈ ಹಂತವನ್ನು ಯಾರೂ ಮಾಡುವುದಿಲ್ಲ, ಆದರೆ ಇಲ್ಲಿ ಎರಡು ನಿಮಿಷದಲ್ಲಿ ಸಿಗುವ ಸುಳಿವು ಎರಡು ಗಂಟೆಯ ಪರದಾಟ ಉಳಿಸುತ್ತದೆ. ಸ್ಟಾರ್ಟ್ ಮೆನುವಿನಲ್ಲಿ ‘ರಿಲಯಬಿಲಿಟಿ’ ಎಂದು ಟೈಪ್ ಮಾಡಿದರೆ ‘ವ್ಯೂ ರಿಲಯಬಿಲಿಟಿ ಹಿಸ್ಟರಿ’ ಬರುತ್ತದೆ. ತೆರೆದರೆ ದಿನವಾರು ಪಟ್ಟಿ, ಕ್ರ್ಯಾಶ್ ಆದ ದಿನ ಕೆಂಪು ಗುರುತು. ಬ್ರೌಸರಿನ ಹೆಸರಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ ‘ಫಾಲ್ಟ್ ಮಾಡ್ಯೂಲ್ ನೇಮ್’ ಎಂಬ ಸಾಲು ಹುಡುಕಿ. ಅಲ್ಲಿರುವ ಹೆಸರು ‘ಎನ್‌ವಿ’, ‘ಎಟಿಐ’ ಅಥವಾ ‘ಐಜಿ’ ಎಂದು ಶುರುವಾದರೆ ಸಾಮಾನ್ಯವಾಗಿ ಗ್ರಾಫಿಕ್ಸ್ ಡ್ರೈವರ್. ನಿಮ್ಮ ಆ್ಯಂಟಿವೈರಸ್‌ನ ಫೈಲ್ ಇದ್ದರೆ ಕಳ್ಳ ಅದೇ. ವಿಂಡೋಸ್‌ನದ್ದೇ ಫೈಲ್ ಆದ ‘ಎನ್‌ಟಿಡಿಎಲ್‌ಎಲ್’ ಇದ್ದರೆ ಮಾತ್ರ ಏನೂ ತಿಳಿಯುವುದಿಲ್ಲ. ಯಾವ ಕ್ರ್ಯಾಶ್‌ನಲ್ಲೂ ಅದು ಕಾಣಿಸಿಕೊಳ್ಳಬಹುದು. ಎಕ್ಸೆಪ್ಶನ್ ಕೋಡ್ ಕೊನೆಗೆ 05 ಇದ್ದರೆ ಮೆಮೊರಿಯ ತಪ್ಪು ಜಾಗ ಮುಟ್ಟಿದ್ದು, 06 ಇದ್ದರೆ ಡಿಸ್ಕಿನಿಂದ ಓದಲಾಗದ್ದು. 06 ಪದೇ ಪದೇ ಬಂದರೆ ಹಾರ್ಡ್‌ಡಿಸ್ಕಿನ ಬ್ಯಾಕಪ್ ಇವತ್ತೇ ತೆಗೆಯಿರಿ, ಬ್ರೌಸರ್ ಆಮೇಲೆ ನೋಡಿದರಾಯಿತು.

4. ಎಕ್ಸ್‌ಟೆನ್ಶನ್

ಇನ್‌ಕಾಗ್ನಿಟೊದಲ್ಲಿ (ಕ್ರೋಮ್‌ನ ಖಾಸಗಿ ಕಿಟಕಿಯಲ್ಲಿ) ಅರ್ಧ ಗಂಟೆ ಕೆಲಸ ಮಾಡಿ. ನೀವಾಗಿ ಅನುಮತಿ ಕೊಡದಿದ್ದರೆ ಅಲ್ಲಿ ಎಕ್ಸ್‌ಟೆನ್ಶನ್‌ಗಳು, ಅಂದರೆ ಬ್ರೌಸರಿಗೆ ಸೇರಿಸಿಕೊಂಡ ಸಣ್ಣ ತಂತ್ರಾಂಶಗಳು, ಓಡುವುದಿಲ್ಲ. ಅಲ್ಲಿ ಬೀಳದಿದ್ದರೆ ಒಂದೊಂದಾಗಿ ಆಫ್ ಮಾಡುತ್ತಾ ಕೂರಬೇಡಿ, ಅರ್ಧಕ್ಕರ್ಧ ಆಫ್ ಮಾಡಿ. 16 ಇದ್ದರೆ 8, ಆಮೇಲೆ 4, 2, 1. ನಾಲ್ಕು ಸುತ್ತಿನಲ್ಲಿ ಅಪರಾಧಿ ಸಿಗುತ್ತದೆ. ಕೂಪನ್ ಹುಡುಕಿಕೊಡುವ, ವಿಡಿಯೊ ಇಳಿಸಿಕೊಡುವ ಎಕ್ಸ್‌ಟೆನ್ಶನ್‌ಗಳನ್ನು ಪರೀಕ್ಷೆಯೇ ಮಾಡದೆ ತೆಗೆದುಬಿಡಿ.

5. ಗ್ರಾಫಿಕ್ಸ್

ವಿಡಿಯೊ ನೋಡುವಾಗ, ಮ್ಯಾಪ್ ಎಳೆಯುವಾಗ, ಪರದೆ ಒಮ್ಮೆ ಕಪ್ಪಾಗಿ ಬಿದ್ದರೆ ಸೆಟ್ಟಿಂಗ್ಸ್, ಸಿಸ್ಟಮ್‌ಗೆ ಹೋಗಿ ‘ಗ್ರಾಫಿಕ್ಸ್ ಆ್ಯಕ್ಸಲರೇಶನ್’ ಆಫ್ ಮಾಡಿ ಬ್ರೌಸರನ್ನು ಮತ್ತೆ ತೆರೆಯಿರಿ. ನಿಂತಿತೋ? ಹಾಗಾದರೆ ಅಲ್ಲಿಗೇ ಬಿಡಬೇಡಿ. ವಿಡಿಯೊದ ಹೊರೆಯೆಲ್ಲ ಪ್ರೊಸೆಸರ್ ಮೇಲೆ ಬಿದ್ದು ಫ್ಯಾನ್ ಕೂಗುತ್ತದೆ. ಲ್ಯಾಪ್‌ಟಾಪ್ ಕಂಪನಿಯ ತಾಣದಿಂದ ನಿಮ್ಮ ಮಾದರಿಯ ಡ್ರೈವರ್ ಹಾಕಿ, ಮತ್ತೆ ಆನ್ ಮಾಡಿ. ‘ಎಲ್ಲ ಡ್ರೈವರ್ ಒಂದೇ ಕ್ಲಿಕ್ಕಿಗೆ’ ಎನ್ನುವ ತಂತ್ರಾಂಶ, ‘ಪಿಸಿ ಕ್ಲೀನರ್’, ‘ರ‍್ಯಾಮ್ ಬೂಸ್ಟರ್’ ಯಾವುದೂ ಬೇಡ. ಅವು ತರುವ ಕಸ ತೆಗೆಯಲು ಇನ್ನೊಂದು ಲೇಖನ ಬೇಕಾಗುತ್ತದೆ.

6. ಪ್ರೊಫೈಲ್: ಕೈತಪ್ಪುವುದು ಇಲ್ಲಿಯೇ

ಬ್ರೌಸರ್ ತೆರೆದಿರುವಾಗ ಅದು ಹಿನ್ನೆಲೆಯಲ್ಲಿ ಪ್ರೊಫೈಲಿಗೆ ಏನಾದರೂ ಬರೆಯುತ್ತಲೇ ಇರುತ್ತದೆ. ಮಳೆಗಾಲದಲ್ಲಿ ಗುಡುಗು ಬಂದು ಕರೆಂಟ್ ಹೋದಾಗ ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಆ ಬರವಣಿಗೆ ಅರ್ಧಕ್ಕೇ ತುಂಡಾಗುತ್ತದೆ. ಮರುದಿನದಿಂದ ಕ್ರ್ಯಾಶ್ ಶುರು. ಹಾಳಾದ ಪ್ರೊಫೈಲನ್ನು ಅಳಿಸಬಾರದು, ಪಕ್ಕಕ್ಕಿಡಬೇಕು.

ಬ್ರೌಸರ್ ಐದು ನಿಮಿಷವಾದರೂ ನಿಲ್ಲುವಂತಿದ್ದರೆ ಮೊದಲು ಬುಕ್‌ಮಾರ್ಕ್ ಮ್ಯಾನೇಜರಿನಿಂದ ಎಕ್ಸ್‌ಪೋರ್ಟ್ ಮಾಡಿ, ಪಾಸ್‌ವರ್ಡ್ ಮ್ಯಾನೇಜರಿನ ಸೆಟ್ಟಿಂಗ್ಸ್‌ನಿಂದ ಸಿಎಸ್‌ವಿ ಫೈಲ್ ಇಳಿಸಿ. ಆ ಫೈಲಿನಲ್ಲಿ ಪಾಸ್‌ವರ್ಡ್‌ಗಳು ಬೆತ್ತಲೆ ಕೂತಿರುತ್ತವೆ. ಕೆಲಸ ಮುಗಿದ ಮೇಲೆ ರೀಸೈಕಲ್ ಬಿನ್‌ನಿಂದಲೂ ಅಳಿಸಿ. ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಂತೂ ಇದನ್ನು ಇಳಿಸಲೇಬೇಡಿ.

ಈಗ ಬ್ರೌಸರ್ ಮುಚ್ಚಿ. ಮುಚ್ಚಿದರೆ ಸಾಲದು. ಕ್ರೋಮ್ ಹಿನ್ನೆಲೆಯಲ್ಲಿ ಉಳಿದಿರಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರಿನಲ್ಲಿ ಅದರ ಹೆಸರು ಒಂದೂ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ‘ಫೋಲ್ಡರ್ ಬಳಕೆಯಲ್ಲಿದೆ’ ಎಂಬ ತಕರಾರು ಬರುವುದು ಇದನ್ನು ಬಿಟ್ಟವರಿಗೆ.

ವಿಂಡೋಸ್ ಕೀ ಮತ್ತು ಆರ್ ಒತ್ತಿ. ಪರ್ಸೆಂಟ್ ಚಿಹ್ನೆ, ‘ಲೋಕಲ್‌ಆ್ಯಪ್‌ಡೇಟಾ’ ಸ್ಪೇಸ್ ಇಲ್ಲದೆ, ಮತ್ತೆ ಪರ್ಸೆಂಟ್ ಚಿಹ್ನೆ (%localappdata%) ಟೈಪಿಸಿ ಎಂಟರ್ ಒತ್ತಿ. ಗೂಗಲ್, ಅದರೊಳಗೆ ಕ್ರೋಮ್, ಅದರೊಳಗೆ ‘ಯೂಸರ್ ಡೇಟಾ’. ಅಲ್ಲಿ ‘ಡಿಫಾಲ್ಟ್’ ಎಂಬ ಫೋಲ್ಡರ್ ಉಂಟು. ಅದರ ಹೆಸರಿನ ಮುಂದೆ ‘ಹಳೆ’ ಎಂದು ಸೇರಿಸಿ. ಎರಡು ಮೂರು ಮಂದಿ ಬೇರೆ ಬೇರೆ ಪ್ರೊಫೈಲ್ ಬಳಸುವ ಮನೆಯಲ್ಲಿ ‘ಪ್ರೊಫೈಲ್ 1’, ‘ಪ್ರೊಫೈಲ್ 2’ ಕೂಡ ಇರುತ್ತವೆ. ಬೀಳುತ್ತಿರುವುದು ಯಾರದ್ದು ಎಂದು ನೋಡಿಕೊಂಡು ಮುಟ್ಟಿ.

‘ಯೂಸರ್ ಡೇಟಾ’ ಫೋಲ್ಡರಿನದ್ದೇ ಹೆಸರು ಬದಲಿಸುವ ಶಾರ್ಟ್‌ಕಟ್ ಒಂದು ಚಾಲ್ತಿಯಲ್ಲಿದೆ. ಮಾಡಬೇಡಿ. ಪಾಸ್‌ವರ್ಡ್‌ಗಳ ಬೀಗದ ಕೈ ಇರುವುದು ಅದರೊಳಗಿನ ‘ಲೋಕಲ್ ಸ್ಟೇಟ್’ ಎಂಬ ಫೈಲಿನಲ್ಲಿ. ಅದು ಹೋದರೆ ಕ್ರೋಮ್ ಹೊಸ ಕೀಲಿ ಮಾಡಿಕೊಳ್ಳುತ್ತದೆ, ಹಳೆಯ ಪಾಸ್‌ವರ್ಡ್ ಫೈಲ್ ಕೈಯಲ್ಲಿದ್ದೂ ತೆರೆಯುವುದಿಲ್ಲ. ಆ ಕೀಲಿಯೂ ನಿಮ್ಮ ವಿಂಡೋಸ್ ಖಾತೆಗೆ ಕಟ್ಟಿದ್ದು. ಪೆನ್‌ಡ್ರೈವಿನಲ್ಲಿ ಪ್ರೊಫೈಲ್ ಹಾಕಿಕೊಂಡು ಹೋಗಿ ಬೇರೆ ಕಂಪ್ಯೂಟರಿಗೆ ಅಂಟಿಸಿದವರಿಗೆ ಪಾಸ್‌ವರ್ಡ್ ಸಿಗದಿರುವುದು ಅದಕ್ಕೇ.

ಕ್ರೋಮ್ ತೆರೆಯಿರಿ. ಹೊಸ ‘ಡಿಫಾಲ್ಟ್’ ತಾನಾಗಿ ಹುಟ್ಟುತ್ತದೆ. ಒಂದು ದಿನ ಹಾಗೇ ಬಳಸಿ: ಎಕ್ಸ್‌ಟೆನ್ಶನ್ ಇಲ್ಲ, ಸಿಂಕ್ ಇಲ್ಲ. ಹೊಸ ಪ್ರೊಫೈಲ್ ಮಾಡಿದ ಕೂಡಲೇ ಲಾಗಿನ್ ಆಗಿ ಸಿಂಕ್ ಹಾಕಿದರೆ ಹಳೆಯ ಎಕ್ಸ್‌ಟೆನ್ಶನ್, ಹಳೆಯ ಸೆಟ್ಟಿಂಗ್ ಎಲ್ಲವೂ ಬೆನ್ನು ಹತ್ತಿ ಬರುತ್ತವೆ. ‘ಪ್ರೊಫೈಲ್ ಬದಲಿಸಿದರೂ ಹೋಗಲಿಲ್ಲ ಮಾರಾಯ್ರೆ’ ಎಂಬ ದೂರಿನ ಮೂಲ ಹೆಚ್ಚಾಗಿ ಇದೇ. ದಿನವಿಡೀ ಬೀಳದಿದ್ದರೆ ಕ್ರೋಮ್ ಮುಚ್ಚಿ, ಹಳೆಯ ಫೋಲ್ಡರಿನಿಂದ ‘ಬುಕ್‌ಮಾರ್ಕ್ಸ್’ ಫೈಲನ್ನು ಮತ್ತು ಪಾಸ್‌ವರ್ಡ್ ಎಕ್ಸ್‌ಪೋರ್ಟ್ ಆಗಿರದಿದ್ದರೆ ‘ಲಾಗಿನ್ ಡೇಟಾ’ ಫೈಲನ್ನು ಹೊಸದಕ್ಕೆ ನಕಲು ಮಾಡಿ. ‘ಪ್ರಿಫರೆನ್ಸಸ್’, ‘ಸೆಶನ್ಸ್’ ತರಬೇಡಿ, ರೋಗ ಅವುಗಳಲ್ಲೇ ಇರಬಹುದು. ಕೊನೆಗೆ ಸಿಂಕ್ ಹಾಕುವಾಗ ಎಕ್ಸ್‌ಟೆನ್ಶನ್ ಮತ್ತು ಸೆಟ್ಟಿಂಗ್ಸ್ ಆಫ್ ಮಾಡಿಯೇ ಹಾಕಿ.

ಫೈರ್‌ಫಾಕ್ಸ್‌ನವರಿಗೆ ಇಷ್ಟೆಲ್ಲ ಇಲ್ಲ. ಹೆಲ್ಪ್ ಮೆನುವಿನ ಟ್ರಬಲ್‌ಶೂಟಿಂಗ್ ಪುಟದಲ್ಲಿ ‘ರಿಫ್ರೆಶ್ ಫೈರ್‌ಫಾಕ್ಸ್’ ಒತ್ತಿದರೆ ಬುಕ್‌ಮಾರ್ಕ್, ಪಾಸ್‌ವರ್ಡ್ ಉಳಿಸಿಕೊಂಡು ಎಕ್ಸ್‌ಟೆನ್ಶನ್ ಕಿತ್ತುಹಾಕಿ, ಹಳೆಯದರ ಪ್ರತಿಯನ್ನು ಡೆಸ್ಕ್‌ಟಾಪಿನಲ್ಲಿ ಇಟ್ಟುಕೊಡುತ್ತದೆ. ಈ ಒಂದು ಬಟನ್‌ಗಾಗಿಯಾದರೂ ಅದನ್ನು ಇಟ್ಟುಕೊಳ್ಳಬೇಕು.

7. ಇಷ್ಟಾದರೂ ಬೀಳುತ್ತಿದ್ದರೆ ರ‍್ಯಾಮ್

ಸ್ಟಾರ್ಟ್ ಮೆನುವಿನಲ್ಲಿ ‘ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್’ ಹುಡುಕಿ ಓಡಿಸಿ. ನೀಲಿ ಪರದೆ ಬಂದ ಮೇಲೆ ಎಫ್1 ಒತ್ತಿ ‘ಎಕ್ಸ್‌ಟೆಂಡೆಡ್’ ಆಯ್ದು ರಾತ್ರಿ ಬಿಡಿ; ಮಾಮೂಲಿ ಪರೀಕ್ಷೆ ಎಷ್ಟೋ ದೋಷಗಳನ್ನು ದಾಟಿಹೋಗುತ್ತದೆ.

ಕರಾವಳಿಯಲ್ಲಿ, ಮಲ್ಪೆ, ಸುರತ್ಕಲ್‌ನಂತಹ ಕಡಲ ಬದಿಯಲ್ಲಂತೂ, ಉಪ್ಪುಗಾಳಿ ಮತ್ತು ಮಳೆಗಾಲದ ತೇವ ರ‍್ಯಾಮ್‌ನ ಸಂಪರ್ಕಗಳಿಗೆ ಮಬ್ಬು ಹಿಡಿಸುತ್ತವೆ. ರ‍್ಯಾಮ್ ಎಷ್ಟೋ ಸಲ ಹಾಳಾಗಿರುವುದೇ ಇಲ್ಲ, ಸಂಪರ್ಕ ಕೆಟ್ಟಿರುತ್ತದೆ ಅಷ್ಟೇ. ಡೆಸ್ಕ್‌ಟಾಪಿನ ಪ್ಲಗ್ ಕಿತ್ತು ಪವರ್ ಬಟನ್ 15 ಸೆಕೆಂಡ್ ಒತ್ತಿ ಹಿಡಿಯಿರಿ, ಕ್ಯಾಬಿನೆಟ್ಟಿನ ಬರಿ ಲೋಹ ಮುಟ್ಟಿ, ರ‍್ಯಾಮ್ ಪಟ್ಟಿಯನ್ನು ಅಂಚಿನಲ್ಲಿ ಹಿಡಿದು ತೆಗೆಯಿರಿ. ಅಂಗಡಿಗಳಲ್ಲಿ ರಬ್ಬರಿನಲ್ಲಿ ಉಜ್ಜುವ ಪದ್ಧತಿ ಉಂಟು. ಅದು ಚಿನ್ನದ ಲೇಪವನ್ನೂ ಸವೆಸುತ್ತದೆ, ಪುಡಿ ಸ್ಲಾಟಿನೊಳಗೆ ಬೀಳುತ್ತದೆ. ನಾರು ಬಿಡದ ಬಟ್ಟೆಗೆ 99 ಶೇಕಡ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒಂದೇ ದಿಕ್ಕಿಗೆ ಒರೆಸಿ. ಸ್ಯಾನಿಟೈಸರ್, ಸೆಂಟು ಬೇಡ. ಐದು ನಿಮಿಷ ಆರಿದ ಮೇಲೆ ಕಚ್ಚನ್ನು ಸ್ಲಾಟಿನ ಕಚ್ಚಿಗೆ ಹೊಂದಿಸಿ, ಬದಿಯ ಕ್ಲಿಪ್ ‘ಟಕ್’ ಎಂದು ತಾನಾಗಿ ಮೇಲೇಳುವವರೆಗೆ ಒತ್ತಿ. ಎರಡು ಪಟ್ಟಿ ಇದ್ದರೆ ಒಮ್ಮೆಗೆ ಒಂದನ್ನೇ ಹಾಕಿ ಒಂದು ದಿನ ಓಡಿಸಿ ನೋಡಿ.