ಎರಡು ಬೀಗದ ನಲ್ಲಿ

ಮಲಕಾಲ್ ನಿರಾಶ್ರಿತರ ಶಿಬಿರದಲ್ಲಿ ಬೆಳಕು ಹರಿಯುವ ಮೊದಲೇ ನಲ್ಲಿಯ ಮುಂದೆ ಸಾಲು ಕಟ್ಟಿರುತ್ತಿತ್ತು. ಸಾಲಿನಲ್ಲಿ ಜನರಿರುತ್ತಿರಲಿಲ್ಲ, ಕ್ಯಾನುಗಳಿರುತ್ತಿದ್ದವು. ಇಪ್ಪತ್ತು ಲೀಟರಿನ ಹಳದಿ ಕ್ಯಾನು, ಅಡುಗೆ ಎಣ್ಣೆಯ ತಗಡಿನ ಡಬ್ಬ, ಹಿಡಿ ಮುರಿದ ಬಕೆಟ್ಟು. ಗುರುತಿಗೆಂದು ಒಂದಕ್ಕೆ ಕೆಂಪು ಬಟ್ಟೆಯ ಚೂರು, ಇನ್ನೊಂದಕ್ಕೆ ಮಗುವಿನ ಒಂಟಿ ಚಪ್ಪಲಿ ಕಟ್ಟಿರುತ್ತಿದ್ದರು. ಒಡತಿಯರು ಗುಡಿಸಲಿನಲ್ಲಿ ಇನ್ನೂ ನಿದ್ದೆಯಲ್ಲಿರುತ್ತಿದ್ದರು. ಕ್ಯಾನು ನಿಂತ ಜಾಗವೇ ಅವರ ಹಕ್ಕುಪತ್ರ. ಯಾರಾದರೂ ಅದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದರೆ ಸಾಕು, ಹತ್ತು ನಿಮಿಷದಲ್ಲಿ ದೊಣ್ಣೆಗಳು ಹೊರಗೆ ಬರುತ್ತಿದ್ದವು.

ನಾನು ಅಲ್ಲಿದ್ದುದು 2017ರ ಜೂನ್‌ನಿಂದ ಒಂದು ವರ್ಷ, ದಕ್ಷಿಣ ಸುಡಾನಿನ ವಿಶ್ವಸಂಸ್ಥೆ ಶಾಂತಿಪಾಲನಾ ಕಾರ್ಯದಲ್ಲಿ ಪೊಲೀಸನಾಗಿ. ಕೊಡಗಿನವರು ಸೈನ್ಯಕ್ಕೆ ಸೇರಿ ದೂರ ದೇಶಕ್ಕೆ ಹೋಗುವುದು ನಮ್ಮೂರಿನಲ್ಲಿ ಸುದ್ದಿಯೇ ಅಲ್ಲ. ಸಬ್ ಇನ್‌ಸ್ಪೆಕ್ಟರ್ ಒಬ್ಬ ವಿಶ್ವಸಂಸ್ಥೆಯ ನೀಲಿ ಟೋಪಿ ಹಾಕಿ ಹೊರಟದ್ದಕ್ಕೆ ಸ್ವಲ್ಪ ಬೆಲೆ ಬಂತು. ಇಂಗ್ಲಿಷ್, ವಾಹನ ಚಾಲನೆ, ಗುಂಡು ಹೊಡೆಯುವುದು, ಮೂರರಲ್ಲೂ ಪಾಸಾದರೆ ಮಾತ್ರ ಹೆಸರು ಪಟ್ಟಿಗೆ ಸೇರುತ್ತದೆ. ಕಕ್ಕಬ್ಬೆ ಕಡೆಯ ತೋಟದ ದಾರಿಗಳಲ್ಲಿ ಮಳೆಗಾಲದಲ್ಲಿ ಜೀಪು ಓಡಿಸಿದವನಿಗೆ ಚಾಲನೆ ಪರೀಕ್ಷೆ ಆಟವಾಗಿತ್ತು. ಇಂಗ್ಲಿಷಿನಲ್ಲಿ ವರದಿ ಬರೆಯುವಾಗ ಬೆವರು ಕಿತ್ತುಬಂತು. ಅಲ್ಲಿಗೆ ಹೋಗಿ ನೋಡಿದರೆ ತುಕಡಿಯಾಗಿ ಅಲ್ಲದೆ ಒಬ್ಬೊಬ್ಬರಾಗಿ ಬಂದ ನಮ್ಮಂಥ ಪೊಲೀಸರಿಗೆ ಆಯುಧವೇ ಇಲ್ಲ. ಕಳ್ಳನನ್ನು ಹಿಡಿದರೆ ನಂಬಿ ಒಪ್ಪಿಸಲು ನ್ಯಾಯಾಲಯವೂ ಇಲ್ಲ. ಹದಿನೆಂಟು ವರ್ಷ ಲಾಠಿ ಮತ್ತು ಎಫ್‌ಐಆರ್ ನಂಬಿ ನೌಕರಿ ಮಾಡಿದ್ದ ನನಗೆ ಮೊದಲ ವಾರ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದೇ ತಿಳಿಯಲಿಲ್ಲ.

ದಕ್ಷಿಣ ಸುಡಾನ್ ಸ್ವತಂತ್ರವಾದದ್ದು 2011ರ ಜುಲೈ 9ರಂದು. ಎರಡೂವರೆ ವರ್ಷ ತುಂಬುವಷ್ಟರಲ್ಲಿ, 2013ರ ಡಿಸೆಂಬರ್ 15ರ ರಾತ್ರಿ, ರಾಜಧಾನಿ ಜುಬಾದಲ್ಲಿ ಸೈನ್ಯವೇ ಎರಡಾಗಿ ಬಡಿದಾಡಿತು. ಒಂದು ಕಡೆ ಅಧ್ಯಕ್ಷ ಸಾಲ್ವಾ ಕೀರ್, ಇನ್ನೊಂದು ಕಡೆ ಅವರು ಅದೇ ವರ್ಷ ಕಿತ್ತುಹಾಕಿದ್ದ ಉಪಾಧ್ಯಕ್ಷ ರಿಯೆಕ್ ಮಚಾರ್. ಒಬ್ಬರು ಡಿಂಕಾ, ಇನ್ನೊಬ್ಬರು ನುಯೆರ್. ಅಧಿಕಾರದ ಜಗಳ ಬುಡಕಟ್ಟಿನ ಜಗಳವಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಬಿಳಿ ನೈಲ್ ದಡದ ಮಲಕಾಲ್ ಪಟ್ಟಣ ಹಲವು ಸಲ ಕೈ ಬದಲಾಯಿಸಿತು. ಜನ ವಿಶ್ವಸಂಸ್ಥೆಯ ನೆಲೆಯ ಬೇಲಿಯ ಕಡೆಗೆ ಓಡಿ ಬಂದರು, ಗೇಟು ತೆರೆಯಿತು. ನಾಲ್ಕು ದಿನಕ್ಕೆಂದು ಒಳಗೆ ಬಂದವರು ವರ್ಷಗಟ್ಟಲೆ ಉಳಿದರು. 2015ರಲ್ಲಿ ಅಲ್ಲಿ 40 ಸಾವಿರಕ್ಕೂ ಹೆಚ್ಚು ಜನರಿದ್ದರು. ನಾನು ಹೋದಾಗ 25 ಸಾವಿರದ ಆಸುಪಾಸು.

ಸಂಖ್ಯೆ ಇಳಿದದ್ದರ ಹಿಂದೆ ಒಂದು ಬೆಂಕಿಯ ಕತೆಯಿದೆ. 2015ರ ಅಕ್ಟೋಬರ್‌ನಲ್ಲಿ ಅಧ್ಯಕ್ಷರು ಒಂದೇ ಆಜ್ಞೆಯಲ್ಲಿ ದೇಶದ 10 ರಾಜ್ಯಗಳನ್ನು 28 ಮಾಡಿದರು. ಶಿಲ್ಲುಕ್ ಜನ ತಮ್ಮದೆಂದು ತಲೆತಲಾಂತರದಿಂದ ಹೇಳಿಕೊಂಡು ಬಂದ ಮಲಕಾಲ್, ಡಿಂಕಾ ಬಹುಮತದ ಹೊಸ ರಾಜ್ಯಕ್ಕೆ ಹೋಯಿತು. 1956ರಲ್ಲಿ ನಕ್ಷೆಯ ಮೇಲಿನ ಗೆರೆ ಬದಲಾಗಿ ಕೊಡಗು ರಾಜ್ಯವೇ ಜಿಲ್ಲೆಯಾದ ಮಾತನ್ನು ನಮ್ಮ ಹಿರಿಯರು ಇಂದಿಗೂ ಕಾಫಿ ಕುಡಿಯುತ್ತಾ ತೆಗೆಯುತ್ತಾರೆ. ನಮ್ಮ ಪುಣ್ಯ, ಅದು ಕಾಫಿ ಲೋಟದ ಆಚೆ ಹೋಗಿಲ್ಲ. ಅಲ್ಲಿ ಹೋಯಿತು. 2016ರ ಫೆಬ್ರುವರಿ 17 ಮತ್ತು 18ರಂದು ಶಿಬಿರದೊಳಗೇ ಕಾಳಗವಾಗಿ, ಹೊರಗಿನಿಂದ ಸಮವಸ್ತ್ರದವರೂ ನುಗ್ಗಿ, ಕನಿಷ್ಠ 25 ಜನ ಸತ್ತರು. ಗುಡಿಸಲುಗಳ ಸಾಲು ಸಾಲೇ ಬೂದಿಯಾಯಿತು. ಡಿಂಕಾ ಕುಟುಂಬಗಳು ಪಟ್ಟಣಕ್ಕೆ ಹೊರಟುಹೋದವು. ಉಳಿದವರಲ್ಲಿ ಶಿಲ್ಲುಕ್ ಜನ ಹೆಚ್ಚು, ನುಯೆರ್ ಕಡಿಮೆ. ನೀಲಿ ಟೋಪಿಯವರು ಆ ಎರಡು ದಿನ ತಡ ಮಾಡಿದರು ಎಂಬುದನ್ನು ವಿಶ್ವಸಂಸ್ಥೆಯ ವಿಚಾರಣೆಯೇ ಹೇಳಿತು. ಆ ಟೋಪಿ ಹಾಕಿಕೊಂಡು ನಾನು ನಲ್ಲಿಯ ಹತ್ತಿರ ನಿಂತಿದ್ದೆ.

ಶುರುವಿನಲ್ಲೇ ಎಡವಿದೆ. ನೀರಿನ ಜಗಳ ತಪ್ಪಿಸಲು ಸಮಿತಿ ಮಾಡಬೇಕೆಂದು ನನಗೆ ನಾನೇ ತೀರ್ಮಾನಿಸಿ, ಇಂಗ್ಲಿಷ್ ಬಲ್ಲ ಒಂಬತ್ತು ಹುಡುಗರನ್ನು ಆರಿಸಿದೆ. ಚುರುಕಾದ ಹುಡುಗರು. ನಾನು ಹೇಳಿದ್ದು ಅವರಿಗೆ ಅರ್ಥವಾಗುತ್ತಿತ್ತು, ಅವರು ಹೇಳಿದ್ದು ನನಗೆ ಅರ್ಥವಾಗುತ್ತಿತ್ತು, ಅಷ್ಟೇ ಅವರ ಅರ್ಹತೆ. ಹೆಸರು ಟೈಪು ಮಾಡಿಸಿ, ಪ್ಲಾಸ್ಟಿಕ್ ಹೊದಿಸಿದ ಗುರುತಿನ ಚೀಟಿ ಕೊರಳಿಗೆ ಹಾಕಿದೆ. ವರದಿಯಲ್ಲಿ ‘ಸಮಿತಿ ರಚನೆಯಾಗಿದೆ’ ಎಂದು ಬರೆದಾಗ ಎಷ್ಟು ಹಗುರವಾಗಿತ್ತು ಅನ್ನುತ್ತೀರಿ! ಮೂರನೆಯ ವಾರ ಒಬ್ಬ ಹುಡುಗ ತನ್ನ ಅತ್ತೆಯ ನಾಲ್ಕು ಕ್ಯಾನುಗಳನ್ನು ಸಾಲಿನ ತಲೆಗೆ ತಂದಿಟ್ಟ. ನಾಲ್ಕು ತಲೆ ಒಡೆದವು. ಗಲಾಟೆ ತಣ್ಣಗಾದ ಮೇಲೆ, ಬಟ್ಟೆಯನ್ನು ಒಂದು ಭುಜದ ಮೇಲೆ ಗಂಟು ಹಾಕಿ ಉಟ್ಟಿದ್ದ ಶಿಲ್ಲುಕ್ ಮುದುಕಿಯೊಬ್ಬಳು ಆ ಹುಡುಗನ ಕೊರಳಿನಿಂದ ಚೀಟಿ ತೆಗೆದು, ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟಳು. “ಇದು ನಿಮ್ಮದು” ಎಂದಳಂತೆ. ಅನುವಾದಿಸಿದವನೂ ಅದೇ ಹುಡುಗ, ತಲೆ ತಗ್ಗಿಸಿಕೊಂಡು.

ಆಮೇಲೆ ಒಂದೂವರೆ ತಿಂಗಳು ನಾನು ಸಮಿತಿಯ ಮಾತು ಎತ್ತಲಿಲ್ಲ. ಶಿಬಿರ ಸುತ್ತಿದೆ. ಅಲ್ಲಿಯದು ನಮ್ಮ ಬಯಲುಸೀಮೆಯ ಎರೆಮಣ್ಣಿನಂಥ ಕಪ್ಪು ಮಣ್ಣು; ಮಳೆ ಬಿದ್ದರೆ ಗಂಬೂಟನ್ನು ಹಿಡಿದಿಟ್ಟುಕೊಂಡು ಕಾಲನ್ನು ಮಾತ್ರ ಬಿಟ್ಟುಕೊಡುತ್ತದೆ. ಇದ್ದಿಲ ಒಲೆಯ ಮುಂದೆ ಚಹಾ ಮಾರುವ ಹೆಂಗಸರ ಹತ್ತಿರ ಕುಳಿತುಕೊಳ್ಳುತ್ತಿದ್ದೆ. ಒಂದೇ ಪ್ರಶ್ನೆ ಕೇಳುತ್ತಿದ್ದೆ. ‘ನಿಮ್ಮ ನಾಯಕರು ಯಾರು?’ ಎಂದಲ್ಲ. ಹಾಗೆ ಕೇಳಿದರೆ ಯಾರ ಹೆಸರು ಹೇಳಿದರೆ ಈ ವಿದೇಶಿಯಿಂದ ಲಾಭ ಎಂದು ಲೆಕ್ಕ ಹಾಕಿ ಹೇಳುತ್ತಾರೆ, ಅದರಲ್ಲಿ ತಪ್ಪೂ ಇಲ್ಲ. ನಾನು ಕೇಳಿದ್ದು: “ಕಳೆದ ಸಲ ನಿಮ್ಮ ಪಕ್ಕದ ಮನೆಯಲ್ಲಿ ಜಗಳವಾದಾಗ ಯಾರನ್ನು ಕರೆದಿರಿ?” ಉತ್ತರವನ್ನು ಬರೆದುಕೊಳ್ಳುತ್ತಿರಲಿಲ್ಲ. ಪೊಲೀಸನ ಕೈಗೆ ಪೆನ್ನು ಬಂದ ಕೂಡಲೇ ಎದುರಿನವರಿಗೆ ಮರೆವು ಬರುತ್ತದೆ. ಇದು ಮಡಿಕೇರಿಯಲ್ಲೂ ನಿಜ, ಮಲಕಾಲ್‌ನಲ್ಲೂ ನಿಜ.

ಆರೇಳು ಹೆಸರುಗಳು ಮತ್ತೆ ಮತ್ತೆ ಬಂದವು. ಒಬ್ಬ ಸೂಲಗಿತ್ತಿ. ಚರ್ಚಿನಲ್ಲಿ ಪ್ರಾರ್ಥನೆ ಹೇಳಿಸುವ ಮುದುಕ. ನದಿಯಲ್ಲಿ ದೋಣಿ ನಡೆಸುತ್ತಿದ್ದು ಈಗ ದೋಣಿಯಿಲ್ಲದವನು. ಮತ್ತು, ನನಗೆ ನಗು ಬಂದದ್ದು ಇಲ್ಲಿ, ಜೋಳದಿಂದ ಮರಿಸಾ ಎಂಬ ಹೆಂಡ ಕಾಯಿಸಿ ಮಾರುವ ನುಯೆರ್ ಹೆಂಗಸು. ಶಿಬಿರದ ನಿಯಮದಂತೆ ನಾವು ವಾರಕ್ಕೊಮ್ಮೆ ಅವಳ ಪೀಪಾಯಿ ಚೆಲ್ಲಿ ಬರುತ್ತಿದ್ದೆವು. ಜಗಳ ಬಿಡಿಸಲು ಎರಡೂ ಕಡೆಯವರು ಕರೆಯುತ್ತಿದ್ದದ್ದು ಅವಳನ್ನೇ. ಯಾರು ಕುಡಿದಾಗ ಏನು ಬಾಯಿಬಿಟ್ಟಿದ್ದರು ಎಂಬುದೆಲ್ಲ ಅವಳಿಗೆ ಗೊತ್ತಿತ್ತಲ್ಲ.

ಹಿರಿಯರ ಪಂಚಾಯಿತಿಯೂ ಅಲ್ಲಿತ್ತು. ಜೊಂಡಿನ ಚಪ್ಪರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕುಳಿತು, ಸಾಲ, ಕಳವು, ವಧುದಕ್ಷಿಣೆಯಾಗಿ ಕೊಡಬೇಕಿದ್ದ ದನಗಳ ಬಾಕಿ, ಎಲ್ಲ ಕೇಳುತ್ತಿದ್ದರು. ದನಗಳೋ ಯುದ್ಧದಲ್ಲಿ ಲೂಟಿಯಾಗಿ ಎಲ್ಲಿ ಹೋದವೋ. ಬಾಕಿ ಮಾತ್ರ ಜೀವಂತ. ನಮ್ಮ ಕಡೆ ಮಂದ್‌ನಲ್ಲಿ, ಅಂದರೆ ಊರವರು ಸೇರುವ ಬಯಲಿನಲ್ಲಿ, ಊರಿನ ಮುಖ್ಯಸ್ಥರಾದ ಊರು ತಕ್ಕರ ಎದುರು ಎರಡು ಮನೆತನದವರು ಕುಳಿತು ಗದ್ದೆಯ ನೀರಿನ ಮಾತು ಬಗೆಹರಿಸಿಕೊಂಡದ್ದನ್ನು ಚಿಕ್ಕಂದಿನಲ್ಲಿ ನೋಡಿದ್ದೆ. ಕುಳಿತುಕೊಳ್ಳುವ ಗತ್ತು, ಮಾತಿನ ಸರದಿ, ಕಿರಿಯರು ಹಿಂದೆ ನಿಲ್ಲುವುದು, ಎಲ್ಲ ಅದೇ. ಹಾಗೆಂದು ಹಿರಿಯರ ನ್ಯಾಯವನ್ನು ಹೊಗಳಿ ಹಾಡಲು ನನಗೆ ಮನಸ್ಸಿಲ್ಲ. ಅತ್ಯಾಚಾರದ ದೂರು ಬಂದರೆ ಆ ಚಪ್ಪರದಲ್ಲಿ ಅದು ಎರಡು ಕುಟುಂಬಗಳ ದನದ ಲೆಕ್ಕವಾಗುತ್ತಿತ್ತು. ಹುಡುಗಿಯನ್ನು ಅವನಿಗೇ ಕೊಡುವ ಮಾತೂ ಬರುತ್ತಿತ್ತು. ಅಂಥದ್ದನ್ನು ಅವರು ಮುಟ್ಟಬಾರದೆಂದು ನಾವು ಕಟ್ಟುನಿಟ್ಟು ಮಾಡಿದ್ದೆವು. ಹೊಡೆದಾಟದಲ್ಲಿ ಜೀವ ಹೋದರೆ ಅವರಿಗೂ ಕೈ ಸಾಲದು, ನಮಗೂ ಸಾಲದು. ಆರೋಪಿಯನ್ನು ನಮ್ಮ ತಾತ್ಕಾಲಿಕ ಬಂದೀಖಾನೆಯಲ್ಲಿ ಇಡಬಹುದಿತ್ತು, ಆದರೆ ಮುಂದೆ? ಯಾವ ಸರ್ಕಾರಕ್ಕೆ ಹೆದರಿ ಓಡಿ ಬಂದನೋ ಅದರ ಕೈಗೇ ಒಪ್ಪಿಸುವುದೇ? ಇದಕ್ಕೆ ನನ್ನ ಒಂದು ವರ್ಷದಲ್ಲಿ ಸರಿಯಾದ ಉತ್ತರ ಸಿಗಲಿಲ್ಲ.

ನೀರಿಗೆ ಸಿಕ್ಕಿತು. ಒಂದು ನಲ್ಲಿಗೆ 250 ಜನ, ಒಬ್ಬರಿಗೆ ದಿನಕ್ಕೆ 15 ಲೀಟರ್ ಎಂಬುದು ಪರಿಹಾರ ಕಾರ್ಯದವರು ಜಗತ್ತಿನಾದ್ಯಂತ ಹಿಡಿದಿರುವ ಅಳತೆ. ಅಳತೆ ಹಾಳೆಯ ಮೇಲೆ ಸರಿಯಾಗಿರುತ್ತದೆ. ಮೊದಲ ಕ್ಯಾನು ಯಾರದು ಎಂದು ಹಾಳೆ ಹೇಳುವುದಿಲ್ಲ. ಶಿಲ್ಲುಕ್ ಮತ್ತು ನುಯೆರ್ ಗುಡಿಸಲುಗಳ ಸಾಲುಗಳು ಸೇರುವ ಕಡೆಯ ನಲ್ಲಿಯೇ ಎಲ್ಲ ಗಲಾಟೆಯ ಮೂಲ. ಮತ್ತೆ ಮತ್ತೆ ಹೆಸರು ಬಂದಿದ್ದ ಆ ಆರೇಳು ಜನ ನಾಲ್ಕು ಸಲ ಕುಳಿತರು. ಮೊದಲ ಸಲ ನಾನೂ ಹೋಗಿದ್ದೆ. ಎಲ್ಲರೂ ನನ್ನ ಕಡೆಗೇ ತಿರುಗಿ ದೂರು ಹೇಳಿದರು. ಎರಡನೆಯ ಸಲದಿಂದ ನಾನು ಚಪ್ಪರದ ಹೊರಗೆ, ಬೆನ್ನು ಹಾಕಿ ನಿಂತೆ. ಒಳಗೆ ಕೂಗಾಟ ಕೇಳುತ್ತಿತ್ತು. ಒಳಗೆ ಹೋಗದೆ ಇರುವುದು ಆ ವರ್ಷ ನಾನು ಮಾಡಿದ ಅತ್ಯಂತ ಕಷ್ಟದ ಕೆಲಸ.

ನಾಲ್ಕನೆಯ ಸಲ ಹೊರಗೆ ಬಂದು ಅವರು ನನ್ನಲ್ಲಿ ಕೇಳಿದ್ದು ಎರಡು ಬೀಗ. ನಲ್ಲಿಯ ಸುತ್ತ ತಗಡಿನ ಪೆಟ್ಟಿಗೆ ಮಾಡಿ ಒಂದೇ ಚಿಲಕಕ್ಕೆ ಎರಡು ಬೀಗ ಹಾಕಿದರು. ಒಂದರ ಕೀಲಿ ನನಗೆ ಚೀಟಿ ವಾಪಸು ಕೊಟ್ಟಿದ್ದ ಮುದುಕಿಯ ಕೈಗೆ, ಇನ್ನೊಂದರದು ಮರಿಸಾ ಮಾರುವವಳ ಕೈಗೆ. ಇಬ್ಬರೂ ಬಂದರೆ ಮಾತ್ರ ನೀರು. ಒಂದು ಬೆಳಿಗ್ಗೆ ಮುದುಕಿ ಜ್ವರದಿಂದ ಏಳಲಿಲ್ಲ. ಕ್ಯಾನುಗಳ ಸಾಲು ಬಿಸಿಲಿನಲ್ಲಿ ಹಾಗೇ ನಿಂತಿತ್ತು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಬೀಗ ಒಡೆಯಲು ಒಂದು ಕಲ್ಲು ಸಾಕಾಗಿತ್ತು. ಯಾರೂ ಕಲ್ಲು ಎತ್ತಲಿಲ್ಲ. ಹೆಂಡದವಳೇ ಎದ್ದು ಶಿಲ್ಲುಕ್ ಗುಡಿಸಲುಗಳ ನಡುವೆ, ಅವಳು ಸಾಮಾನ್ಯವಾಗಿ ಕಾಲಿಡದ ಕಡೆ, ನಡೆದು ಹೋದಳು. ಅರ್ಧ ಗಂಟೆ ಕಳೆದು ಮುದುಕಿಯ ಮೊಮ್ಮಗಳನ್ನು ಕೈಹಿಡಿದು ಕರೆತಂದಳು. ಕೀಲಿ ಹುಡುಗಿಯ ಕೊರಳಿನಲ್ಲಿತ್ತು.

2018ರ ಜೂನ್‌ನಲ್ಲಿ ಊರಿಗೆ ಬಂದೆ. ಅಡಿಸ್ ಅಬಾಬಾದಲ್ಲಿ ಹೊಸ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದದ್ದು ಸೆಪ್ಟೆಂಬರ್‌ನಲ್ಲಿ. ಆ ಸುದ್ದಿ ಓದುವ ಹೊತ್ತಿಗೆ ನಾನು ಇನ್ನೊಂದು ಶಿಬಿರದಲ್ಲಿದ್ದೆ. ಆಗಸ್ಟ್ ಮಧ್ಯದಲ್ಲಿ ಮಕ್ಕಂದೂರು, ಮೊಣ್ಣಂಗೇರಿ, ಜೋಡುಪಾಲ, ಮುಕ್ಕೋಡ್ಲು ಕಡೆ ಬೆಟ್ಟಗಳೇ ಜಾರಿ ತೋಟ, ಮನೆ, ರಸ್ತೆ ಕೊಚ್ಚಿಹೋಗಿದ್ದವು. ನನ್ನನ್ನು ಮಡಿಕೇರಿಯ ಒಂದು ಕಲ್ಯಾಣ ಮಂಟಪದ ಪರಿಹಾರ ಕೇಂದ್ರಕ್ಕೆ ಹಾಕಿದರು. ಇಲ್ಲಿ ಯುದ್ಧವಿರಲಿಲ್ಲ, ಗುಂಡಿರಲಿಲ್ಲ, ಒಬ್ಬರನ್ನೊಬ್ಬರು ಕೊಂದವರಿರಲಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವ ಮೂರ್ಖತನ ನನಗಿಲ್ಲ. ಆದರೆ ಚಾಪೆಯ ಮೇಲೆ ಕುಳಿತು, ಮುಂದೇನು ಎಂದು ಯಾರಾದರೂ ಬಂದು ಹೇಳಲಿ ಎಂದು ಬಾಗಿಲು ನೋಡುವ ಆ ನೋಟ ನನಗೆ ಗುರುತಿತ್ತು.

ತೋಟದ ಮಾಲೀಕರೂ ಅದೇ ತೋಟದ ಲೈನ್ ಮನೆಗಳ ಕೂಲಿಕಾರರೂ ಮೊದಲ ಬಾರಿ ಒಂದೇ ಹಾಲ್‌ನಲ್ಲಿ ಮಲಗಿದ್ದರು. ಬೆಂಗಳೂರು, ಮೈಸೂರಿನಿಂದ ಲಾರಿಗಟ್ಟಲೆ ಸಾಮಾನು ಬರುತ್ತಿತ್ತು. ಎರಡನೆಯ ದಿನವೇ ಗುಸುಗುಸು ಎದ್ದಿತು: ಒಳ್ಳೆಯ ಕಂಬಳಿ ಒಂದು ಕಡೆಗೆ, ಹಳೆ ಸೀರೆ ಇನ್ನೊಂದು ಕಡೆಗೆ ಹೋಗುತ್ತಿದೆಯಂತೆ. ನನ್ನ ಮೇಲಿನವರು ಸಮಿತಿ ಮಾಡಿ ಎಂದರು, ಚೆನ್ನಾಗಿ ಮಾತನಾಡುವ ಮೂವರ ಹೆಸರನ್ನೂ ಕೊಟ್ಟರು. ನಾನು ಎರಡು ದಿನ ಸಮಯ ಕೇಳಿ, ಅಡುಗೆ ಮನೆಯ ಬಾಗಿಲಲ್ಲಿ ಈರುಳ್ಳಿ ಸುಲಿಯುತ್ತಾ ಕುಳಿತು ಅದೇ ಪ್ರಶ್ನೆ ಕೇಳಿದೆ. “ರಾತ್ರಿ ಮಗು ಅತ್ತರೆ, ಯಾರಿಗಾದರೂ ಹುಷಾರು ತಪ್ಪಿದರೆ, ಯಾರನ್ನು ಎಬ್ಬಿಸುತ್ತೀರಿ ಅಕ್ಕ?” ಆ ಮೂವರ ಹೆಸರು ಒಂದು ಸಲವೂ ಬರಲಿಲ್ಲ.

ಬಂದ ಹೆಸರುಗಳಲ್ಲಿ ಇಬ್ಬರಿಗೆ ಉಗ್ರಾಣ ಒಪ್ಪಿಸಿದೆವು. ಒಬ್ಬರು ಐದಾರು ಎಕರೆ ಕಾಫಿ ತೋಟ ಮಣ್ಣುಪಾಲಾದ ಮನೆಯ ಹಿರಿಯ ಹೆಂಗಸು, ಇನ್ನೊಬ್ಬಳು ಲೈನ್ ಮನೆಯ ಯರವ ಬುಡಕಟ್ಟಿನ ಹೆಂಗಸು. ಮಲಕಾಲ್‌ನ ಬೀಗದ ಕತೆಯನ್ನು ಒಂದು ಸಂಜೆ ಚಹಾ ಕುಡಿಯುತ್ತಾ ಹೇಳಿದ್ದೆ, ಅಷ್ಟೇ. ಮರುದಿನ ಬೆಳಿಗ್ಗೆ ಬಾಗಿಲಿಗೆ ಎರಡು ಬೀಗ ಬಿದ್ದಿದ್ದವು. ಯಾರಿಗೆ ಎಷ್ಟು ಎಂಬುದನ್ನು ಅವರೇ ಹೆಗಲಿಗೆ ಹೆಗಲು ತಾಗಿಸಿ ಕುಳಿತು ಬರೆಸುತ್ತಿದ್ದರು. ಬಾಣಂತಿಯರಿಗೆ ಮೊದಲು ಕಂಬಳಿ, ರೇಷನ್ ಕಾರ್ಡು ಮಣ್ಣಿನಡಿ ಹೋದವರಿಗೆ ಕಾರ್ಡು ಕೇಳುವಂತಿಲ್ಲ.

ನಾಲ್ಕನೆಯ ದಿನವೋ ಐದನೆಯ ದಿನವೋ ಒಬ್ಬ ದೊಡ್ಡ ಮನುಷ್ಯರು ಫೋಟೋದವರ ಜೊತೆ ಬಂದರು. ಕೈಯಾರೆ ಹಂಚಬೇಕು, ಉಗ್ರಾಣ ತೆಗೆಯಿರಿ ಎಂದರು. ತೋಟದ ಅಮ್ಮ ತಮ್ಮ ಬೀಗ ತೆಗೆದು, ಸೆರಗಿನಿಂದ ಕುರ್ಚಿ ಒರೆಸಿ, “ಕುಳಿತುಕೊಳ್ಳಿ, ಇನ್ನೊಂದು ಕೀಲಿಯವಳು ಸ್ನಾನಕ್ಕೆ ಹೋಗಿದ್ದಾಳೆ” ಎಂದರು. ದೊಡ್ಡ ಮನುಷ್ಯರು ನನ್ನ ಮುಖ ನೋಡಿದರು. ನಾನು ಮಲಕಾಲ್‌ನಲ್ಲಿ ಕಲಿತಂತೆ ಬೆನ್ನು ಹಾಕಿ ನಿಂತು ಮಳೆ ನೋಡಿದೆ. ಅವಳು ಬರಲು ಇಪ್ಪತ್ತೈದು ನಿಮಿಷ ಹಿಡಿಯಿತು. ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡಿದ್ದಳು. ಯಾರಿಗೂ ನಮಸ್ಕಾರ ಹೇಳದೆ ನೇರವಾಗಿ ಬಾಗಿಲಿಗೆ ಹೋಗಿ, ಸೊಂಟದ ಚೀಲದಿಂದ ಕೀಲಿ ತೆಗೆದಳು.